ಬೆಳೆಗಾರರ ಮುಂದೆ ಮಾತಾಡುವಾಗ ಕೈ ಎಲ್ಲಿಡಬೇಕು?

ತೋಟದಹುಡುಗಿ:
ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ಮಳೆ ಹಿಡಿಯುವ ಮೊದಲು ಅಡಿಕೆ ಬೆಳೆಗಾರರ ಸಭೆ ಇದೆ. ಅಡಿಕೆ ಕಾಯಿಗೆ ಬರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಅದಕ್ಕೆ ಸುಣ್ಣ ಬೆರೆಸಿದ ಔಷಧಿ) ಸರಿಯಾಗಿ ಮಾಡೋದು ಹೇಗೆ ಅಂತ ನಾನು ಹೇಳಬೇಕು. ಕೇಳುವವರೆಲ್ಲ ನನ್ನ ಅಪ್ಪನ ವಯಸ್ಸಿನವರು, ನಾನು ಹುಟ್ಟುವ ಮೊದಲಿಂದಲೂ ಔಷಧಿ ಹೊಡೆಸುತ್ತಿರುವವರು. "ನೀನು ಯಾರ ಮನೆ ಮಗಳು?" ಅಂತಲೇ ಶುರು ಮಾಡುತ್ತಾರೆ.

ಆಫೀಸಿನಿಂದ ಒಂದು ತರಬೇತಿಗೆ ಕಳಿಸಿದ್ದರು. ಮಾತಿಗಿರುವ ಬಲ ಬರೀ 7%, ಉಳಿದ 93% ದನಿ ಮತ್ತು ಮೈಯ ಹಾವಭಾವದ್ದು ಅಂದರು. ಮಾತಿಗೆ ಮೊದಲು ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ಎರಡು ನಿಮಿಷ ನಿಂತರೆ ಧೈರ್ಯ ಬರುತ್ತದಂತೆ. ಕೈಕಟ್ಟಿ ಕೂತವರು ಒಪ್ಪಿಲ್ಲ ಅಂತ ಅರ್ಥವಂತೆ. ಇದೆಲ್ಲ ನಿಜವಾ? ನನಗಂತೂ ಕೈ ಎಲ್ಲಿಡೋದು ಅನ್ನೋದೇ ದೊಡ್ಡ ಚಿಂತೆ.

ಕೋಡ್‌ಕುಮಾರ:
93% ಲೆಕ್ಕ ನಮ್ಮ ಕಂಪನಿಯಲ್ಲೂ ಹೇಳಿಕೊಟ್ಟಿದ್ದಾರೆ, ಸರಿಯೇ ಇರಬೇಕು. ಕ್ಲಿಕ್ಕರ್ ಹಿಡಿದುಕೊಳ್ಳಿ, ಒಂದು ಕೈ ಸಮಸ್ಯೆ ಮುಗೀತು. ಆಲ್ ದಿ ಬೆಸ್ಟ್!

ಮದ್ದಲೆಮಾಸ್ತರ:
ತಂಗೀ, ನಾನು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದವನು. ಈಗ ಬಿಡುವಾದಾಗಲೆಲ್ಲ ತಾಳಮದ್ದಲೆಯಲ್ಲಿ, ಅಂದರೆ ಯಕ್ಷಗಾನದ ಮಾತಿನ ಕೂಟದಲ್ಲಿ, ಅರ್ಥ ಹೇಳಲು ಕೂರುತ್ತೇನೆ.

ಮೊದಲು ಆ 93% ವಿಷಯ. ಅದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದದ್ದು. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಮುಖದ ಫೋಟೋ ತೋರಿಸಿದರು, ಹೇಳುವವನಿಗೆ ಇಷ್ಟವೋ ಅಲ್ಲವೋ ಅಂತ ಊಹಿಸಲು ಹೇಳಿದರು. ಭಾವನೆಯ ಮಾತಿಗೆ ಬಿಟ್ಟು ಬೇರೆ ಕಡೆ ಆ ಲೆಕ್ಕ ಅನ್ವಯಿಸಬೇಡಿ ಅಂತ ಅವರೇ ಹೇಳಿದ್ದಾರೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನೋದನ್ನು ಮುಖಭಾವದಲ್ಲಿ ಹೇಳೋಕಾಗುತ್ತಾ?

ಎದೆಯುಬ್ಬಿಸಿ ನಿಲ್ಲುವ ಕಥೆ 2010ರದ್ದು. ಪ್ರಯೋಗದಲ್ಲಿ ಇದ್ದವರು 42 ಜನ. 2015ರಲ್ಲಿ ಬೇರೆಯವರು 200 ಜನರ ಮೇಲೆ ಮಾಡಿ ನೋಡಿದರು. ಹಾಗೆ ನಿಂತವರಿಗೆ ಬಲ ಬಂದಂತೆ ಅನಿಸಿತು, ಅಷ್ಟೇ. ಹಾರ್ಮೋನಿನಲ್ಲೂ ನಡವಳಿಕೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಮೊದಲ ಪ್ರಬಂಧ ಬರೆದವರಲ್ಲಿ ಒಬ್ಬರಾದ ಡೇನಾ ಕಾರ್ನಿ 2016ರಲ್ಲಿ, ಇದರಲ್ಲಿ ನನಗೆ ನಂಬಿಕೆ ಉಳಿದಿಲ್ಲ ಅಂತ ಬಹಿರಂಗವಾಗಿಯೇ ಹೇಳಿದರು. ನಿನಗೆ ಧೈರ್ಯ ಬರುತ್ತೆ ಅನಿಸಿದರೆ ನಿಂತುಕೋ, ಯಾರೂ ನೋಡದ ಕಡೆ.

ಇನ್ನು ಕೈಕಟ್ಟಿ ಕೂರೋದು. ಮಳೆಗಾಲದ ಬಾಗಿಲಲ್ಲಿ ಮಲೆನಾಡಿನ ಸಭಾಭವನ, ಮೇಲೆ ಫ್ಯಾನ್. ಚಳಿಗೂ ಕೈಕಟ್ಟುತ್ತಾರೆ, ಅಭ್ಯಾಸಕ್ಕೂ ಕಟ್ಟುತ್ತಾರೆ. ಅದನ್ನು ನೋಡಿ ಎದೆಗುಂದಬೇಡ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಗುವವನನ್ನು ಗಮನಿಸು, ಅವನ ಹತ್ತಿರ ಪ್ರಶ್ನೆ ಇರುತ್ತೆ.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಾಲು ಹಾಕಿಕೊಂಡು ಕೂತಲ್ಲೇ ಮಾತು. ಆದರೂ ಸಂಧಾನದ ಪ್ರಸಂಗದಲ್ಲಿ ಕೃಷ್ಣನಾಗಿ ಕೂತ ಒಳ್ಳೆಯ ಅರ್ಥಧಾರಿ ರಾತ್ರಿಯಿಡೀ ಸಭೆಯನ್ನು ಹಿಡಿದಿಡುತ್ತಾನೆ. ಅವನ ಕೈ ಸುಮ್ಮನೆ ತೊಡೆಯ ಮೇಲಿರುತ್ತೆ. ಐದು ಊರು ಕೇಳುವಾಗ ಮಾತ್ರ ಬೆರಳು ಏಳುತ್ತೆ. ಮೊದಲಿಂದಲೂ ಗಾಳಿಯಲ್ಲಿ ಕೈ ಬೀಸುತ್ತಿದ್ದರೆ ಆ ಐದು ಬೆರಳನ್ನು ಯಾರು ನೋಡುತ್ತಿದ್ದರು?

ನಿನ್ನ ಕೈಗೆ ಜಾಗ ಹುಡುಕಬೇಡ, ಕೆಲಸ ಕೊಡು. ಸಭೆಯಲ್ಲೇ ಎರಡು ಪ್ಲಾಸ್ಟಿಕ್ ಬಕೆಟ್ ಇಟ್ಟು ದ್ರಾವಣ ಮಾಡು. ಮೊದಲು ಬೇಕಂತಲೇ ಸುಣ್ಣ ಕಡಿಮೆ ಹಾಕು. ಉಜ್ಜಿದ ಕಬ್ಬಿಣದ ಚಾಕು ಅದ್ದು. ಅದ್ದಿರುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರು. ಆ ಮೌನಕ್ಕೆ ಹೆದರಿ ಏನೇನೋ ಹೇಳಿಬಿಡಬೇಡ. ಚಾಕುವಿಗೆ ತಾಮ್ರದ ಕೆಂಪು ಹತ್ತುತ್ತೆ. ಅದನ್ನು ಎತ್ತಿ ಹಿಡಿ, ಹಿಂದಿನ ಸಾಲಿನವರೆಗೂ ದಾಟಿಸು. ಆಮೇಲೆ ಸುಣ್ಣದ ತಿಳಿ ಸೇರಿಸಿ, ಚಾಕು ಉಜ್ಜಿ ಮತ್ತೆ ಅದ್ದು. ಈ ಸಲ ಕೆಂಪು ಬರಬಾರದು, ಬಂದರೆ ಇನ್ನೂ ಸ್ವಲ್ಪ ಸುಣ್ಣ ಬೇಕು.

ತೋಟದಹುಡುಗಿ:
ಮಾಸ್ತರೇ, ಇದು ನನಗೆ ಹೊಳೆದೇ ಇರಲಿಲ್ಲ! ಪಿಪಿಟಿಯಲ್ಲಿ ಚಾಕುವಿನ ಫೋಟೋ ಹಾಕಿಟ್ಟಿದ್ದೆ. ಇನ್ನೊಂದು ಕೇಳಲಾ? ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಅಂತಾರೆ. ಹಿರಿಯರ ಮುಂದೆ ಹಾಗೆ ಮಾಡಿದರೆ ಸೊಕ್ಕು ಅಂದುಕೊಳ್ಳಲ್ವಾ?

ಕೋಡ್‌ಕುಮಾರ:
ಹಣೆ ನೋಡಿ ಮಾತಾಡಿ. ಗೊತ್ತಾಗಲ್ಲ.

ಮದ್ದಲೆಮಾಸ್ತರ:
ಗೊತ್ತಾಗುತ್ತೆ ಕುಮಾರ, ತಲೆ ಮೇಲೆ ಏನೋ ಕೂತಿದೆ ಅಂತ ಒರೆಸಿಕೊಳ್ಳುತ್ತಾರೆ.

ತಂಗೀ, ಒಬ್ಬರನ್ನೇ ದಿಟ್ಟಿಸಬೇಡ. ಒಂದು ವಾಕ್ಯ ಒಬ್ಬರಿಗೆ ಹೇಳಿ ಮುಗಿಸು, ಮುಂದಿನದು ಇನ್ನೊಂದು ಮೂಲೆಯವರಿಗೆ. ಮುಂದಿನ ಸಾಲಿನ ಅಧ್ಯಕ್ಷರಿಗೆ ಮಾತ್ರ ಹೇಳಿದರೆ ಹಿಂದಿನವರು ಎದ್ದು ಚಹಾಕ್ಕೆ ಹೋಗುತ್ತಾರೆ. ಯಾರಾದರೂ ಪ್ರಶ್ನೆ ಕೇಳಿದರೆ ಪೂರ್ತಿ ಅವರ ಕಡೆ ತಿರುಗಿ ಕೇಳಿಸಿಕೋ, ತಲೆಯಾಡಿಸು, ಉತ್ತರವನ್ನು ಸಭೆಗೆಲ್ಲ ಹೇಳು. ಪರದೆ ಓದುತ್ತಾ ಬೆನ್ನು ತೋರಿಸೋದು ಮಾತ್ರ ಬೇಡ.

"ನಮ್ಮ ಅಜ್ಜನ ಕಾಲದಿಂದ ಹೀಗೇ ಮಾಡಿದ್ದು" ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ವಾದ ಮಾಡಬೇಡ. "ಬನ್ನಿ, ಚಾಕು ನೀವೇ ಅದ್ದಿ" ಅಂತ ಕರೆದು ನೀನು ಒಂದು ಹೆಜ್ಜೆ ಪಕ್ಕಕ್ಕೆ ಸರಿ. ಕೆಂಪಾದ ಚಾಕುವನ್ನು ಅವರೇ ತೋರಿಸಿದರೆ, ನೀನು ನೂರು ಸಲ ಹೇಳೋದಕ್ಕಿಂತ ಬೇಗ ಊರು ನಂಬುತ್ತೆ.

ಮತ್ತೆ, ಗಡಿಬಿಡಿಯಲ್ಲಿ ಕಬ್ಬಿಣದ ಬಕೆಟ್ ತಂದೀಯ! ಮೈಲುತುತ್ತ ಅದರಲ್ಲಿ ಕರಗಿಸಿದರೆ ಎಲ್ಲಕ್ಕಿಂತ ಮೊದಲು ಅದನ್ನೇ ಹಿಡಿದು ಬೈಯುತ್ತಾರೆ.