ಬಟ್ಟೆಯ ಮಾಡಿನ ಮೇಲೆ ಅಕ್ಷರ: ಬರೆಯುವುದೋ, ಹೊಲಿಯುವುದೋ, ಕೂರಿಸುವುದೋ?

ಮಾನ್ಯರೇ,

ಉಡುಪಿಯ ರಥಬೀದಿಯ ಸಮೀಪದ ಜವಳಿ ಅಂಗಡಿಯೊಂದರ ಮುಂದೆ ಮಳೆಗಾಲ ಹಿಡಿಯುವ ಮೊದಲು ಬಟ್ಟೆಯ ಮಾಡು, ಅಂದರೆ ಬಟ್ಟೆಯ ಸೂರು, ಕಟ್ಟಿಸುತ್ತಿದ್ದಾರೆ. ಅಂಗಡಿಯವರಿಗೂ ಹೊಲಿದುಕೊಡುವವರಿಗೂ ನಡುವಿನ ಕರಾರನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಬರೆಯಲು ಕುಳಿತಾಗ ಎರಡು ಕಡೆ ಪದ ಸಿಗದೆ ನಿಂತೆ. ಗೋಡೆಯ ಚೌಕಟ್ಟಿಗೆ ಬಿಗಿದು ಇಳಿಜಾರಾಗಿ ಮುಂದಕ್ಕೆ ಚಾಚುವ ಆ ಹೊದಿಕೆಯನ್ನು ಏನೆಂದು ಕರೆಯಬೇಕು, ಅದರ ಮೇಲೆ ಅಂಗಡಿಯ ಹೆಸರನ್ನು ಮೂಡಿಸುವ ಕೆಲಸಕ್ಕೆ ಏನೆನ್ನಬೇಕು ಎಂಬುದೇ ನನ್ನ ಪ್ರಶ್ನೆ.

ಮೊದಲನೆಯದಕ್ಕೆ ಒಂದು ಉತ್ತರ ನನ್ನಲ್ಲಿದೆ. ಅಂಗಡಿಯವರು ‘ಕ್ಯಾನೊಪಿ’ ಎನ್ನುತ್ತಾರೆ, ಬಂದ ಗಿರಾಕಿಗಳು ‘ಟರ್ಪಾಲು’ ಎಂದುಬಿಡುತ್ತಾರೆ. ಶಾಮಿಯಾನ ಮದುವೆಗೆ ಹಾಕಿ ತೆಗೆಯುವಂಥದ್ದು. ಚಪ್ಪರಕ್ಕೆ, ತುಳುವಿನ ದೊಂಪಕ್ಕೆ, ನೆಲದಲ್ಲಿ ಊರಿದ ಕಂಬ ಬೇಕು. ಮೇಲ್ಕಟ್ಟು ಒಳ್ಳೆಯ ಹಳೆಯ ಪದವಾದರೂ ದೇವರ ಅಥವಾ ಸಿಂಹಾಸನದ ಮೇಲೆ ಕಟ್ಟಿದ ಬಟ್ಟೆಯನ್ನೇ ಮೊದಲು ನೆನಪಿಗೆ ತರುತ್ತದೆ. ಮಳೆಯ ಎರಚಲು ಒಳಗೆ ಬಾರದಂತೆ ಜಗಲಿಗೆ ಕಟ್ಟುವ ತೆಂಗಿನ ಮಡಲಿನ ತಟ್ಟಿ ಕೆಲಸದಲ್ಲಿ ಇದಕ್ಕೆ ತೀರ ಹತ್ತಿರದ್ದು, ಆದರೆ ಅದು ನೆಟ್ಟಗೆ ನಿಲ್ಲುತ್ತದೆ. ಉಳಿದದ್ದು ನಮ್ಮ ಕರಾವಳಿಯ ‘ಮಾಡು’. ‘ಬಟ್ಟೆ ಮಾಡು’ ಎಂದು ಬರೆದರೆ ಘಟ್ಟದ ಮೇಲಿನವರು ಅದನ್ನು ಕ್ರಿಯಾಪದವೆಂದು ಓದಿಕೊಳ್ಳುವರು. ಷಷ್ಠಿ ವಿಭಕ್ತಿಯನ್ನು ಉಳಿಸಿಕೊಂಡು ‘ಬಟ್ಟೆಯ ಮಾಡು’ ಎಂದರೆ ಆ ಗೊಂದಲ ಇರುವುದಿಲ್ಲ.

ಎರಡನೆಯದೇ ಕಷ್ಟದ್ದು. ನಾವೆಲ್ಲ ‘ಬೋರ್ಡು ಬರೆಸುವುದು’ ಎನ್ನುತ್ತೇವೆ, ಕುಂಚವನ್ನು ಮುಟ್ಟದೆ ಮಾಡಿದ ಬೋರ್ಡಿಗೂ ಹಾಗೆಯೇ ಹೇಳುತ್ತೇವೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಕರಾರಿನಲ್ಲಿ ಇದೆ. ಬಟ್ಟೆಯ ಮೇಲೆ ಹೆಸರನ್ನು ಕುಂಚದಿಂದ ಬರೆಯಬಹುದು. ಪರದೆಯ ಮೂಲಕ ಬಣ್ಣವನ್ನು ಒತ್ತಿ ಅಚ್ಚು ಹಾಕಬಹುದು. ಕತ್ತರಿಸಿದ ಸ್ಟಿಕರನ್ನು ಅಂಟಿಸಬಹುದು. ಬೇರೆ ಬಣ್ಣದ ಬಟ್ಟೆಯಿಂದ ಅಕ್ಷರಗಳನ್ನು ಕತ್ತರಿಸಿ ಮೇಲೆ ಹೊಲಿಯಬಹುದು. ಅಕ್ಷರದ ಆಕಾರದಲ್ಲಿ ಮಾಡಿನ ಬಟ್ಟೆಯನ್ನೇ ಕೊರೆದು, ಹಿಂದಿನಿಂದ ಬೆಳಕು ತೂರುವ ಬಟ್ಟೆಯನ್ನು ಕೂರಿಸಿ, ರಾತ್ರಿ ಹೆಸರು ಹೊಳೆಯುವಂತೆಯೂ ಮಾಡಬಹುದು. ಇವುಗಳ ಬಾಳಿಕೆ ಒಂದೇ ಅಲ್ಲ. ಪ್ಲಾಸ್ಟಿಕ್ ಲೇಪವಿರುವ ನುಣುಪು ಬಟ್ಟೆಗೆ ಸ್ಟಿಕರ್ ಹಿಡಿಯುತ್ತದೆ, ಆದರೆ ನೀರು ನಿಲ್ಲದಂತೆ ಹದಮಾಡಿದ ನೇಯ್ಗೆಯ ಬಟ್ಟೆಯಲ್ಲಿ ಅದರ ಅಂಚು ಏಳುತ್ತದೆ. ಗೋಡೆಗೆ ಬಳಿಯುವ ಎನಾಮಲ್ ಬಣ್ಣ ಒಣಗಿ ಗಡುಸಾಗುವುದರಿಂದ, ಮಾಡನ್ನು ಸುತ್ತಿ ಬಿಚ್ಚುವಾಗ ಮಡಿಕೆ ಬಿದ್ದಲ್ಲೆಲ್ಲ ಒಡೆಯುತ್ತದೆ. ‘ಹೆಸರು ಬರೆದುಕೊಡುವುದು’ ಎಂಬ ಒಂದೇ ಸಾಲಿನ ಕರಾರಿಗೆ ನಾನು ಹಿಂದೊಮ್ಮೆ ಸಾಕ್ಷಿ ಹಾಕಿದ್ದೆ. ಬಂದದ್ದು ಸ್ಟಿಕರ್, ಮಳೆಗಾಲದ ಆಟಿ ತಿಂಗಳು ಮುಗಿಯುವ ಮೊದಲೇ ಎರಡು ಅಕ್ಷರಗಳು ಕಳಚಿಬಿದ್ದವು, ಕೇಳಲು ಹೋದವರಿಗೆ ಕರಾರಿನಲ್ಲಿ ಆಧಾರ ಸಿಗಲಿಲ್ಲ.

ಕೆಲಸದ ಬಗೆಯನ್ನು ಪದದಲ್ಲಿಯೇ ಹೇಳುವುದು ನಮ್ಮ ಊರಿಗೆ ಹೊಸದಲ್ಲ. 1843ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗರು ಮಂಗಳೂರಿನಿಂದ ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆ ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಒತ್ತುವ ಅಚ್ಚಿನಲ್ಲಿ. ಮುಂದೆ ಒಂದೊಂದು ಅಕ್ಷರಕ್ಕೂ ಬೇರೆಯಾಗಿ ಎರಕ ಹೊಯ್ದ ಅಚ್ಚಿನ ಮೊಳೆಗಳು ಬಂದಾಗ ‘ಮೊಳೆ ಜೋಡಿಸುವುದು’ ಎಂಬ ಮಾತು ನೆಲೆಯಾಯಿತು. ಯಾವುದು ಕಲ್ಲಿನದು, ಯಾವುದು ಮೊಳೆಯದು ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆ.

ಮಾಡಿನ ಮುಂದುಗಡೆ ಇಳಿಬಿದ್ದ ಪಟ್ಟಿಯೇ ಹೆಸರಿಗೆ ಮುಖ್ಯವಾದ ಜಾಗ. ಅದನ್ನು ನಾನು ‘ಜಾಲರಿ’ ಎಂದು ಕರೆದಿದ್ದೇನೆ. ಈ ಅಂಗಡಿಯ ಜಾಲರಿ 8 ಅಂಗುಲದ್ದು, ಕೆಳಗಿನ ಅಂಚು ಅರ್ಧಚಂದ್ರಗಳ ಸಾಲು. ಅಲ್ಲಿ ‘ವಸ್ತ್ರ’ ಎಂದು ಹಾಕಿಸುವುದಾದರೆ ಸಕಾರದ ಕೆಳಗೆ ತಕಾರ ಮತ್ತು ರಕಾರದ ಒತ್ತುಗಳು ಇಳಿದು ಅಂಚನ್ನು ತಾಗುತ್ತವೆ. ಅದನ್ನು ತಪ್ಪಿಸಲು ಹೋದರೆ ಇಡೀ ಸಾಲು ಕಿರಿದಾಗಿ ಬೀದಿಯ ಆಚೆ ಬದಿಗೆ ಕಾಣಿಸುವುದಿಲ್ಲ. ‘ಜವಳಿ ಅಂಗಡಿ’ ಎಂಬಲ್ಲಿ ಒಂದು ಒತ್ತೂ ಇಲ್ಲ. ದಿನಬಳಕೆಯ ಪದ ಇಲ್ಲಿ ಅಳತೆಯ ಲೆಕ್ಕದಲ್ಲಿಯೂ ಗೆದ್ದದ್ದನ್ನು ಕಂಡು ನನಗೆ ನಿಜವಾಗಿ ಸಂತೋಷವಾಯಿತು. ಹೊಲಿದ ಅಕ್ಷರವಾದರಂತೂ ಪ್ರತಿ ಒತ್ತೂ ಬೇರೆ ತುಂಡು, ‘ಅಂ’ನ ಸೊನ್ನೆಯೂ ಬೇರೆ ತುಂಡು, ಆದ್ದರಿಂದ ಕೂಲಿಯ ಲೆಕ್ಕಕ್ಕೂ ಇದು ಸೇರುತ್ತದೆ. ಹೀಗಾಗಿ ‘ಅಕ್ಷರದ ಎತ್ತರ 4 ಅಂಗುಲ’ ಎಂದಷ್ಟೇ ಬರೆದರೆ ಸಾಲದು. ತಲೆಕಟ್ಟಿನಿಂದ ಒತ್ತಿನ ತುದಿಯವರೆಗೋ, ಒತ್ತನ್ನು ಬಿಟ್ಟೋ ಎಂಬುದು ಸ್ಪಷ್ಟವಾಗಬೇಕು. ಒತ್ತನ್ನು ಬಿಟ್ಟ ಆ ಎತ್ತರಕ್ಕೆ ಅಚ್ಚುಕೂಟಗಳಲ್ಲಿ ದುಡಿದ ಹಿರಿಯರು ಬಳಸುತ್ತಿದ್ದ ಪದವಿದ್ದರೆ ದಯವಿಟ್ಟು ತಿಳಿಸಿರಿ. ನಾನು ಸದ್ಯಕ್ಕೆ ‘ಅಕ್ಷರದ ಮೈ’ ಎಂದಿದ್ದೇನೆ.

ಎಲ್ಲ ಬಗೆಗಳಿಗೂ ಸಲ್ಲುವ ಒಟ್ಟು ಹೆಸರಾಗಿ ‘ಅಕ್ಷರ ಕೂರಿಸುವುದು’ ಎಂಬುದನ್ನು ಆರಿಸಿದ್ದೇನೆ. ಅಕ್ಕಸಾಲಿಗರು ಹರಳು ಕೂರಿಸುವಂತೆ, ಬಡಗಿಗಳು ಬಾಗಿಲು ಕೂರಿಸುವಂತೆ, ಜಾಗವನ್ನು ಅಳೆದು ಭದ್ರವಾಗಿ ನಿಲ್ಲಿಸುವ ಅರ್ಥ ಅದರಲ್ಲಿದೆ. ‘ಅಕ್ಷರವಿನ್ಯಾಸ’ ಎಂಬ ಸಲಹೆಯೂ ಬಂದಿತ್ತು, ಆದರೆ ಅದು ಅಕ್ಷರದ ರೂಪವನ್ನು ಹೇಳುತ್ತದೆಯೇ ಹೊರತು ಬಟ್ಟೆಯ ಮೇಲಿನ ಕೆಲಸವನ್ನಲ್ಲ.

ಕರಡಿನ ಸಾಲು ಹೀಗಿದೆ: ‘ಬಟ್ಟೆಯ ಮಾಡಿನ ಜಾಲರಿಯ ಮೇಲೆ ಜವಳಿ ಅಂಗಡಿಯ ಹೆಸರಿನ ಅಕ್ಷರಗಳನ್ನು, ಮೈಯೆತ್ತರ 4 ಅಂಗುಲದಂತೆ, ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದು ಕೂರಿಸತಕ್ಕದ್ದು.’ ಮಂಗಳೂರಿನ ಬಂದರಿನಲ್ಲಿಯೋ ಹಂಪನಕಟ್ಟೆಯಲ್ಲಿಯೋ ಟರ್ಪಾಲು ಹೊಲಿಯುವವರ ಬಾಯಲ್ಲಿ ‘ಜಾಲರಿ’ಗೆ ಬೇರೆ ಮಾತು ಇದ್ದರೆ, ಕರಾರಿಗೆ ಸಹಿ ಬೀಳುವ ಮೊದಲು ಅದನ್ನು ಸೇರಿಸಿಕೊಳ್ಳುತ್ತೇನೆ.