ಕಲಬುರಗಿ ಬಯೋಕೆಮ್ ಗೆಳೆಯರು: ಅರಿಶಿಣದ ಪೋಸ್ಟರ್

ಶರಣು: ವಿಜ್ಞಾನ ದಿನಕ್ಕ ಬೀದರ್ ಹುಡುಗ್ರು ಮಾಡಿದ ಪೋಸ್ಟರ್ ಹಾಕೀನಿ, ನೋಡ್ರಿ. "ಅರಿಶಿಣ ಮಿದುಳಿನ ಪ್ರೋಟೀನ್ ಗಂಟು ಕರಗಿಸುತ್ತದೆ." ಲೈಸೊಜೈಮ್ ಅನ್ನೋ ಪ್ರೋಟೀನ್‌ನಾಗ ಮಾಡ್ಯಾರ, ಪ್ರೋಟೀನ್ ದಾರದಂಗ ಕೂಡಿದ ಎಳಿಗೆ ಅಂಟಿ ಹೊಳಿಯೋ ಬಣ್ಣ ಥಯೋಫ್ಲೇವಿನ್ ಟಿ, ಅದರ ಹೊಳಪು ಅರ್ಧಕ್ಕಿಂತ ಕೆಳಗ ಬಂದದ. ನಾಳೆ ಪ್ರಿಂಟಿಗೆ ಕೊಡ್ತೀವಿ.

ವಿಜಯಲಕ್ಷ್ಮಿ: ಕೊಡಬ್ಯಾಡ ಶರಣು. ಹೊಳಪು ಇಳಿದ್ರ ಗಂಟು ಕರಗ್ತು ಅಂತ ಅಲ್ಲ. 440 ನ್ಯಾನೊಮೀಟರ್ ಬೆಳಕು ಕೊಟ್ಟು 485ರಾಗ ಓದ್ತೀವಿ. ಅರಿಶಿಣದ ಹಳದಿ ಪದಾರ್ಥ ಕರ್ಕ್ಯುಮಿನ್ ಬೆಳಕು ಹೀರೋದೇ 425ರ ಆಸುಪಾಸು. ಥಯೋಫ್ಲೇವಿನ್‌ಗೆ ಮುಟ್ಟಬೇಕಾದ ಬೆಳಕನ್ನ ಅದೇ ನುಂಗ್ತದ. ಹುಡುಗ್ರು ಪ್ಲೇಟಿನಾಗೇ ಎಲ್ಲಾ ಕೂಡಿಸಿ ಓದ್ಯಾರ, ಎಳಿ ಹಂಗೇ ಇದ್ರೂ ರೀಡಿಂಗ್ ಬೀಳ್ತದ.

ಶರಣು: ಅಕ್ಕಾ, ಹಂಗಂದ್ರ ಹಸಿರು ಚಹಾದಾಗಿನ ಇಜಿಸಿಜಿ ಅನ್ನೋ ಪದಾರ್ಥದ ಮ್ಯಾಲಿನ ಕೆಲಸಾನೂ ಸುಳ್ಳೇನು? ಸಸ್ಯದ ಪದಾರ್ಥ ಅಂದ ಕೂಡ್ಲೇ ತಳ್ಳಿ ಹಾಕಬ್ಯಾಡ್ರಿ.

ನಸ್ರೀನ್: ಅದು ಗಟ್ಟಿ ಕೆಲಸ. 2008ರಾಗ ಬರ್ಲಿನ್ನಿನ ಗುಂಪು ಎಲೆಕ್ಟ್ರಾನ್ ಮೈಕ್ರೊಸ್ಕೋಪ್‌ನಾಗೂ ನೋಡಿ ಹೇಳ್ತು. ಇಜಿಸಿಜಿ ಕೂಡ್ತು ಅಂದ್ರ ಮಿದುಳಿನ ರೋಗದಾಗ ಗಂಟು ಕಟ್ಟೋ ಪ್ರೋಟೀನ್ ಆಲ್ಫಾ ಸೈನ್ಯೂಕ್ಲೀನ್, ಅಮೈಲಾಯ್ಡ್ ಬೀಟಾ ಎಳಿ ಆಗೋ ಹಾದಿ ಬಿಟ್ಟು, ಕೋಶಕ್ಕ ವಿಷ ಆಗಲಾರದ ದುಂಡನೆ ಗುಂಪು ಆಗ್ತಾವ. ಅಲ್ಲಿ ಗುಂಪು ಮಾಯ ಆಗಲಿಲ್ಲ, ರೂಪ ಬದಲಾತು. ದೊಡ್ಡ ಎಳಿಗಿಂತ ಕೆಲವೇ ಅಣು ಕೂಡಿದ ಸಣ್ಣ ಆಲಿಗೊಮರ್‌ಗಳೇ ನರಕೋಶಕ್ಕ ಹೆಚ್ಚು ಕೆಡಕು ಅನ್ನಾಕ ಬಹಳ ಪುರಾವೆ ಅವ. ಅದಕ್ಕ ಎಳಿ ಒಡೀತು ಅಂದ ಮಾತ್ರಕ್ಕ ಒಳ್ಳೇದಾತು ಅನ್ನಾಕ ಬರಂಗಿಲ್ಲ.

ಶರಣು: ಟ್ಯೂಬ್ ಇನ್ನೂ ಅವ. ಏನು ಮಾಡಸ್ಬೇಕು ಹೇಳ್ರಿ.

ವಿಜಯಲಕ್ಷ್ಮಿ: ಮೊದಲು ಅರಿಶಿಣ ಹಾಕಲಾರದ ಟ್ಯೂಬ್ ತಗೋ, ಅಂದ್ರ ಪಿಎಚ್ 2, 65 ಡಿಗ್ರಿಯಾಗ ಪೂರ್ತಿ ಎಳಿ ಆಗಿರೋದು. ಅದರ ರೀಡಿಂಗ್ ತಗೊಂಡು, ಅದೇ ಪ್ರಮಾಣದ ಕರ್ಕ್ಯುಮಿನ್ ಹಾಕಿ ಒಂದು ನಿಮಿಷದಾಗ ಮತ್ತ ಓದಸು. ಆಗೂ ಅಷ್ಟೇ ಇಳಿದ್ರ ಅದು ಬರೇ ಬೆಳಕಿನ ಆಟ. ಯಾಕಂದ್ರ ಒಂದು ನಿಮಿಷದಾಗ ಎಳಿ ಕರಗಂಗಿಲ್ಲ.

ಆಮ್ಯಾಲ ಮೊದಲಿಂದ ಕರ್ಕ್ಯುಮಿನ್ ಇದ್ದದ್ದು, ಇಲ್ಲದ್ದು ಎರಡೂ ಟ್ಯೂಬ್ ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ, ಮ್ಯಾಲಿನ ತಿಳಿ ಅಷ್ಟೇ ತಗೊಂಡು, ಪ್ರೋಟೀನ್ ಗಾತ್ರದ ಪ್ರಕಾರ ಬ್ಯಾರೆ ಮಾಡೋ ಎಸ್‌ಡಿಎಸ್ ಜೆಲ್ ಓಡಸ್ರಿ. ಲೈಸೊಜೈಮಿನ 14 ಕಿಲೋಡಾಲ್ಟನ್ ಪಟ್ಟಿ ಯಾವುದರಾಗ ದಪ್ಪ ಅದ ನೋಡ್ರಿ, ದಪ್ಪ ಇದ್ದದ್ದರಾಗ ಎಳಿ ಆಗಲಾರದ ಪ್ರೋಟೀನ್ ಹೆಚ್ಚು. ತಿಳಿಯಾಗಿನ ಪ್ರೋಟೀನ್ ಅಳೀಲಿಕ್ಕ ಲೌರಿ ವಿಧಾನ ಮಾತ್ರ ಬ್ಯಾಡ. ಅದರಾಗಿನ ಫೋಲಿನ್ ರಿಯೇಜೆಂಟ್ ಫೀನಾಲ್ ಕಂಡ್ರೂ ನೀಲಿ ಆಗ್ತದ, ಕರ್ಕ್ಯುಮಿನ್ನೂ ಫೀನಾಲೇ, ಅದೇ ಪ್ರೋಟೀನ್ ಅಂತ ಲೆಕ್ಕಕ್ಕ ಬರ್ತದ. ಕರ್ಕ್ಯುಮಿನ್ ಕರಗಸೋ ದ್ರಾವಕ ಡಿಎಂಎಸ್‌ಒ ಎಲ್ಲಾ ಟ್ಯೂಬಿಗೂ ಸಮ ಇರಲಿ, 1 ಪರ್ಸೆಂಟ್ ದಾಟಬಾರದು.

ನಸ್ರೀನ್: ತಳದಾಗ ಹಳದಿ ಪುಡಿ ಕುಂತದೇನು ನೋಡ್ರಿ. ಆಮ್ಲದ ನೀರಿನಾಗ ಕರ್ಕ್ಯುಮಿನ್ ಕರಗಂಗಿಲ್ಲ. ಪಿಎಚ್ 7.2ರ ಬಫರ್‌ಗೆ ಹಾಕಿದ್ರ ಕರಗಿದ್ದೂ ಉಳಿಯಂಗಿಲ್ಲ, 37 ಡಿಗ್ರಿಯಾಗ ಅರ್ಧ ತಾಸಿನಾಗ ಬಹುಪಾಲು ಒಡದು ಹೋಗ್ತದ.

ಬಸ್ಸಣ್ಣ: ನನ್ನ ತಕರಾರು ಬ್ಯಾರೆ. "ಮಿದುಳಿನ" ಅನ್ನೋ ಶಬ್ದ ತಗೀರಿ. ಲೈಸೊಜೈಮ್ ಕೋಳಿ ಮೊಟ್ಟೀದು. ಒಂದು ಟೀ ಚಮಚ ಅರಿಶಿಣ ಸುಮಾರು 3 ಗ್ರಾಂ, ಅದರಾಗ 3 ಪರ್ಸೆಂಟ್ ಹಿಡಿದ್ರ ಕರ್ಕ್ಯುಮಿನ್ 90 ಮಿಲಿಗ್ರಾಂ. ಅಮೆರಿಕಾದಾಗ ಅಲ್ಝೈಮರ್ ರೋಗಿಗಳಿಗೆ ದಿನಕ್ಕ 2 ಗ್ರಾಂ, 4 ಗ್ರಾಂ ಕರ್ಕ್ಯುಮಿನ್ 24 ವಾರ ಕೊಟ್ಟು ನೋಡ್ಯಾರ, 2012ರಾಗ ಫಲಿತಾಂಶ ಬಂತು. ಗುಣ ಕಾಣಲಿಲ್ಲ, ರಕ್ತದಾಗೂ ಬಹಳ ಕಮ್ಮಿ ಸಿಕ್ತು.

ಶರಣು: ಕರಿಮೆಣಸು ಕೂಡಿಸಿದ್ರ ರಕ್ತಕ್ಕ ಹೋಗ್ತದಲ್ರೀ. 1998ರಾಗ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೇ ತೋರಿಸ್ಯಾರ, 2 ಗ್ರಾಂ ಕರ್ಕ್ಯುಮಿನ್‌ಗೆ 20 ಮಿಲಿಗ್ರಾಂ ಪೈಪರಿನ್, ಅಂದ್ರ ಮೆಣಸಿನ ಖಾರದ ಅಂಶ.

ಬಸ್ಸಣ್ಣ: ಖರೇ ಅದ, 2000 ಪರ್ಸೆಂಟ್ ಏರ್ತು. ಆದ್ರ ಏರಿದ್ದು ಯಾಕ? ಯಕೃತ್ತು, ಕರುಳು ಕರ್ಕ್ಯುಮಿನ್ ಹೊರಗ ಹಾಕೋದನ್ನ ಪೈಪರಿನ್ ತಡೀತದ. ಹಂಗೇ ಫಿಟ್ಸ್ ಔಷಧ ಫೆನಿಟೋಯಿನ್ನಿನ ಮಟ್ಟಾನೂ ಏರಸ್ತದ. ಫಿಟ್ಸ್ ಗುಳಿಗಿ, ರಕ್ತ ತೆಳು ಮಾಡೋ ವಾರ್ಫರಿನ್ ನುಂಗೋರು ಪೋಸ್ಟರ್ ಓದಿ ಕ್ಯಾಪ್ಸೂಲ್ ಶುರು ಮಾಡಿದ್ರ ಕಷ್ಟ. ಇಂಥ ಕ್ಯಾಪ್ಸೂಲಿನಿಂದ ಯಕೃತ್ತು ಕೆಟ್ಟ ಪ್ರಕರಣಾನೂ ವರದಿ ಆಗ್ಯಾವ. ಸಾರು ಪಲ್ಯದಾಗಿನ ಅರಿಶಿಣಕ್ಕ ನನ್ನ ತಕರಾರಿಲ್ಲ.

ಶರಣು: ಪ್ರಿಂಟ್ ನಿಲ್ಲಸ್ತೀನಿ. ಆದ್ರ ಅರಿಶಿಣ ಪೂರಾ ತಗಿಯಂಗಿಲ್ಲ, ಹುಡುಗ್ರು ಕಷ್ಟಪಟ್ಟಾರ. "ಲೈಸೊಜೈಮ್ ಎಳೆ ಆಗುವುದನ್ನು ಕರ್ಕ್ಯುಮಿನ್ ತಡೆಯಬಹುದು" ಅಂತ ಹಾಕ್ತೀನಿ.

ವಿಜಯಲಕ್ಷ್ಮಿ: "ತಡೆಯಬಹುದು" ಅನ್ನೋದೂ ಜೆಲ್ ಬಂದ ಮ್ಯಾಲ. ಪಟ್ಟಿ ಫೋಟೋ ಇಲ್ಲೇ ಹಾಕು, ಅರಿಶಿಣ ಇಲ್ಲದ ಟ್ಯೂಬಿನ ಪಟ್ಟಿನೂ ಬಾಜೂಕ ಇರಲಿ.