ಪದಚರ್ಚೆ: ‘ಕಳೆದುಹೋದ ನಗರ’ ಎಂಬ ಪ್ರಯೋಗ ಮತ್ತು ಲೈಡಾರ್ ಬರಹಗಳ ಕನ್ನಡ

ಬಳಗದ ಹಿರಿಯರಿಗೂ ಗೆಳೆಯರಿಗೂ ಕಲಬುರಗಿಯಿಂದ ಶರಣು.

ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರಿಳಿತವನ್ನು ಅಳೆಯುವುದು, ಆ ಅಳತೆಯ ಆಧಾರದಿಂದ ಕಾಡಿನಡಿಯ ಹಳೆಯ ಪಟ್ಟಣಗಳ ಕುರುಹು ಹುಡುಕುವುದು ಹೇಗೆಂದು ತಿಳಿಸುವ ಒಂದು ಉಪನ್ಯಾಸವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕೇಳುವವರು ನಮ್ಮ ಭಾಗದ ಪದವಿ ವಿದ್ಯಾರ್ಥಿಗಳು. ಅವರಲ್ಲಿ ಹಲವರು ಮಳಖೇಡ, ಸನ್ನತಿ, ಬಸವಕಲ್ಯಾಣಗಳ ಆಸುಪಾಸಿನವರು. ಪತ್ರಿಕೆಗಳಲ್ಲಿ ರೂಢಿಗೆ ಬಂದಿರುವ ಕೆಲವು ಪದಗಳನ್ನು ಇವರ ಮುಂದೆ ಹಾಗೆಯೇ ಬಳಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಆದ್ದರಿಂದ ನನ್ನ ಆಕ್ಷೇಪವನ್ನೂ ನನಗೆ ತೋಚಿದ ಬದಲಿ ಪದಗಳನ್ನೂ ತಮ್ಮ ಮುಂದೆ ಇಡುತ್ತಿದ್ದೇನೆ.

ಹೀಗೆ ಅಳೆಯುವ ಉಪಕರಣದ ಹೆಸರಾದ ‘ಲೈಡಾರ್’ ಬಗ್ಗೆ ತಕರಾರಿಲ್ಲ. ರೇಡಾರ್ ಕನ್ನಡದ ಮಾತೇ ಆಗಿರುವಂತೆ ಲೈಡಾರ್ ಕೂಡ ಆಗಲಿ. ಕೆಲಸದ ಹೆಸರಿಗೆ ಮಾತ್ರ ‘ಲೇಸರ್ ಸರ್ವೇಕ್ಷಣೆ’ಗಿಂತ ‘ಲೇಸರ್ ಮೋಜಣಿ’ ಎಂಬುದು ನನಗೆ ಹಿಡಿಸುತ್ತದೆ. ಹೊಲದ ಮೋಜಣಿ ಎಂದರೇನೆಂದು ಇಲ್ಲಿನ ಪ್ರತಿ ರೈತನಿಗೂ ಗೊತ್ತು. ಇದೂ ನೆಲವನ್ನು ಅಳೆಯುವ ಕೆಲಸವೇ ಆಗಿದೆ.

ನನ್ನ ಮುಖ್ಯ ಆಕ್ಷೇಪ ಇರುವುದು ‘ಕಳೆದುಹೋದ ನಗರ’ ಎಂಬ ಪ್ರಯೋಗದ ಮೇಲೆ. ಕನ್ನಡದಲ್ಲಿ ಒಂದು ವಸ್ತು ಕಳೆದುಹೋಯಿತು ಎಂದಾಗ ಅದನ್ನು ಕಳೆದುಕೊಂಡವರು ಯಾರೋ ಇದ್ದಾರೆ ಎಂಬ ಅರ್ಥ ಒಳಗೇ ಇರುತ್ತದೆ. ಆದರೆ ಈ ನಗರಗಳನ್ನು ಕಳೆದುಕೊಂಡವರು ಯಾರು? ಮೆಕ್ಸಿಕೊದ ಕಾಂಪೆಚೆ ಪ್ರಾಂತದಲ್ಲಿ ಮಾಯಾ ಎಂಬ ಮೂಲನಿವಾಸಿ ಜನರ ದೊಡ್ಡ ಪಟ್ಟಣವೊಂದರ ಕುರುಹುಗಳನ್ನು 2024ರಲ್ಲಿ ಪ್ರಕಟಿಸಿ, ಹತ್ತಿರದ ಕೆರೆಯ ಹೆಸರನ್ನೇ ಅದಕ್ಕೆ ಕೊಟ್ಟು ವಲೇರಿಯಾನಾ ಎಂದು ಕರೆದರು. ಅಲ್ಲಿಯ ಲೈಡಾರ್ ಅಳತೆ ನಡೆದದ್ದು 2013ರಲ್ಲಿ, ಅದೂ ಕಾಡಿನ ಅಧ್ಯಯನಕ್ಕಾಗಿ. ಆ ದತ್ತಾಂಶವನ್ನು ಪುರಾತತ್ವದ ಕಣ್ಣಿನಿಂದ ನೋಡಿದವರು ಆಮೇಲೆ ಬಂದರು. ಆ ಜಾಗದ ಸಮೀಪದಲ್ಲಿಯೇ ರಸ್ತೆಯಿದೆ, ಬೇಸಾಯ ಮಾಡಿಕೊಂಡು ಬದುಕುವ ಜನರಿದ್ದಾರೆ. ವಿದ್ವಾಂಸರ ನಕಾಶೆಯಲ್ಲಿ ಇಲ್ಲದಿದ್ದುದನ್ನು ಕಳೆದುಹೋಗಿತ್ತು ಎಂದು ಬರೆದರೆ, ಅದರ ಪಕ್ಕದಲ್ಲಿ ಉಳುಮೆ ಮಾಡುವವರನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳದಂತಾಗುತ್ತದೆ.

ಹೊಂಡುರಾಸ್ ದೇಶದ ಮೊಸ್ಕಿಟಿಯಾ ಕಾಡಿನ ಸಂಗತಿ ಇದಕ್ಕಿಂತ ಸ್ಪಷ್ಟವಾಗಿದೆ. ಅಲ್ಲಿ ಬಿಳಿಯ ಪಟ್ಟಣವೊಂದು ಅಡಗಿದೆ ಎಂಬ ಐತಿಹ್ಯ ಬಹುಕಾಲದಿಂದ ಪ್ರಚಲಿತವಾಗಿತ್ತು. 2012ರಲ್ಲಿ ವಿಮಾನದಿಂದ ಲೈಡಾರ್ ಮೋಜಣಿ ನಡೆದು ಕಣಿವೆಯೊಂದರಲ್ಲಿ ದಿಬ್ಬಗಳೂ ಅಂಗಳಗಳೂ ಕಂಡವು. 2015ರಲ್ಲಿ ತಂಡವೊಂದು ಕಾಡಿನೊಳಗೆ ಹೋಗಿ ಅವನ್ನು ನೆಲದ ಮೇಲೆ ನೋಡಿ ಬಂದಿತು. ಜಗತ್ತಿನ ಪತ್ರಿಕೆಗಳೆಲ್ಲ ‘ಕಳೆದುಹೋದ ನಗರ ಪತ್ತೆ’ ಎಂದು ಬರೆದಾಗ ಆ ಪ್ರದೇಶವನ್ನು ಬಲ್ಲ ಹಲವು ವಿದ್ವಾಂಸರು ಅದೇ ವರ್ಷ ಬಹಿರಂಗ ಪತ್ರ ಬರೆದು, ಇಂಥ ಭಾಷೆಯು ಅಲ್ಲಿ ಹಿಂದೆ ನಡೆದ ಸಂಶೋಧನೆಯನ್ನೂ ಸ್ಥಳೀಯ ಮೂಲನಿವಾಸಿಗಳ ತಿಳಿವಳಿಕೆಯನ್ನೂ ಮರೆಮಾಚುತ್ತದೆ ಎಂದು ಆಕ್ಷೇಪಿಸಿದರು. ಪದಗಳ ಆಯ್ಕೆಯೇ ವಿವಾದವಾದ ಇಂಥ ಪ್ರಸಂಗವಿರುವಾಗ ಆ ತಲೆಬರಹವನ್ನು ನಾವು ಕನ್ನಡಕ್ಕೆ ಯಥಾವತ್ತಾಗಿ ತಂದುಕೊಳ್ಳುವುದು ಉಚಿತವಲ್ಲ.

ಬದಲಿಗೆ ಏನು ಬಳಸಬೇಕು ಎಂದು ಯೋಚಿಸಿದಾಗ ನಮ್ಮ ಭಾಷೆಯಲ್ಲಿಯೇ ನೆಲೆ ತಪ್ಪಿದ ಊರುಗಳಿಗೆ ಬೇರೆ ಬೇರೆ ಛಾಯೆಯ ಮಾತುಗಳಿರುವುದು ಗಮನಕ್ಕೆ ಬಂತು. ಹಳಗನ್ನಡದ ‘ಪಾೞ್’ನಿಂದ ಬಂದ ‘ಹಾಳು’ ಇದೆ. ಹಾಳೂರು, ಹಾಳು ದಿಬ್ಬ, ಹಾಳು ಹಂಪೆ ಎನ್ನುತ್ತೇವೆ. ‘ಹಾಳು’ ಎಂದಾಗ ಊರು ಎಲ್ಲಿತ್ತೆಂಬುದು ಗೊತ್ತಿದೆ, ಈಗ ಅಲ್ಲಿ ವಸತಿಯಿಲ್ಲ ಎಂಬ ಎರಡೂ ಸಂಗತಿಗಳು ಒಟ್ಟಿಗೇ ತಿಳಿಯುತ್ತವೆ. ಇನ್ನೊಂದು ನಮ್ಮ ಕಂದಾಯ ದಾಖಲೆಗಳ ಮಾತಾದ ‘ಬೇಚರಾಕ್’. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಬೇಚರಾಕ್ ಗ್ರಾಮ. ಅದರ ಹೆಸರು, ಎಲ್ಲೆ, ಸರ್ವೆ ನಂಬರುಗಳೆಲ್ಲ ಕಾಗದದಲ್ಲಿ ಜೀವಂತವಾಗಿರುತ್ತವೆ, ಜನವಸತಿ ಮಾತ್ರ ಇರುವುದಿಲ್ಲ. ಗುಮಾಸ್ತರ ಕಡತದಿಂದ ಇಷ್ಟು ನಿಖರವೂ ಇಷ್ಟು ಸುಂದರವೂ ಆದ ಪದ ನಮಗೆ ದೊರೆತಿರುವುದು ಭಾಗ್ಯವೆಂದೇ ತಿಳಿದಿದ್ದೇನೆ. ಆದರೆ ಗ್ರಾಮಕ್ಕೆ ಒಪ್ಪುವ ಈ ಮಾತು ಸಾವಿರಾರು ಮನೆಗಳ ಪಟ್ಟಣಕ್ಕೂ ಒಪ್ಪುತ್ತದೆಯೇ ಎಂಬುದನ್ನು ತಾವು ಹೇಳಬೇಕು.

ಈ ಎರಡು ಮಾತುಗಳೂ ಹೊಂದದ ಊರುಗಳು ನಮ್ಮಲ್ಲೇ ಇವೆ. ಮಾನ್ಯಖೇಟವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 972ರಲ್ಲಿ ಪರಮಾರರ ಸೀಯಕನು ಅದನ್ನು ಸೂರೆಮಾಡಿದನು. ಆದರೂ ಕಾಗಿಣಾ ದಂಡೆಯ ಮಳಖೇಡದಲ್ಲಿ ಇಂದಿಗೂ ಒಲೆ ಹೊತ್ತುತ್ತದೆ, ಹಳೆಯ ಹೆಸರು ಸವೆದ ರೂಪದಲ್ಲಿ ಬಾಳುತ್ತಿದೆ. ಇದು ಕಳೆದುಹೋಗಿಲ್ಲ, ಹಾಳೂ ಆಗಿಲ್ಲ. ಇದಕ್ಕೆ ನಾನು ‘ಕುಗ್ಗಿದ ಪಟ್ಟಣ’ ಎಂದು ಬರೆದುಕೊಂಡಿದ್ದೇನೆ. ಶಾಸನಗಳು ಚಾಲುಕ್ಯರ ಕಲ್ಯಾಣವನ್ನು ‘ನೆಲೆವೀಡು’ ಎಂದು ಕರೆಯುತ್ತವೆ. ಅರಸನು ನೆಲೆನಿಂತ ಬೀಡು ಎಂಬ ಈ ಅರ್ಥವನ್ನು ನೆನೆದರೆ, ಅರಸನು ಹೊರಟ ಮೇಲೂ ಊರು ಉಳಿಯಬಲ್ಲದು ಎಂಬುದು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯುತ್ತದೆ. ಭೀಮಾ ದಂಡೆಯ ಫಿರೋಜಾಬಾದ್ ಮತ್ತೊಂದು ಬಗೆಯದು: ಬಹಮನಿ ಸುಲ್ತಾನ ಫಿರೋಜ್ ಶಹಾ 1400ರ ಸುಮಾರಿಗೆ ಕಟ್ಟಿಸಿದ ಆ ಪಟ್ಟಣದ ಕೋಟೆಗೋಡೆಗಳೂ ಹೆಬ್ಬಾಗಿಲುಗಳೂ ನಿಂತಿವೆ, ರಾಜಧಾನಿಯ ಬದುಕು ಮಾತ್ರ ಅಲ್ಲಿಲ್ಲ. ಇದನ್ನು ‘ತೊರೆದ ಪಟ್ಟಣ’ ಎನ್ನಬಹುದು.

ಐತಿಹ್ಯದಲ್ಲಿ ಮಾತ್ರ ಇರುವ ನಗರಗಳನ್ನು ‘ಪೌರಾಣಿಕ ನಗರ’ ಎಂದು ಬರೆಯುವುದನ್ನೂ ನೋಡಿದ್ದೇನೆ. ಪೌರಾಣಿಕ ಎಂದರೆ ಪುರಾಣದಲ್ಲಿ ಬಂದದ್ದು. ದ್ವಾರಕೆಗೆ ಅದು ಸಲ್ಲುತ್ತದೆ, ಮೊಸ್ಕಿಟಿಯಾದ ಬಿಳಿಯ ಪಟ್ಟಣಕ್ಕೆ ಸಲ್ಲುವುದಿಲ್ಲ. ‘ಐತಿಹ್ಯದ ನಗರ’ ಎಂಬುದೇ ಸರಿ.

ಎರಡನೆಯ ಮಾತು ಕ್ರಿಯಾಪದದ್ದು. ‘ಲೈಡಾರ್ ನಗರವನ್ನು ಕಂಡುಹಿಡಿಯಿತು’ ಎಂಬ ವಾಕ್ಯ ಎಲ್ಲೆಡೆ ಕಾಣುತ್ತದೆ. ಬೆಲೀಜ್ ದೇಶದ ಕರಕೋಲ್ ಎಂಬ ಮಾಯಾ ನಗರ 1930ರ ದಶಕದಿಂದಲೇ ಪುರಾತತ್ವಜ್ಞರಿಗೆ ಗೊತ್ತಿತ್ತು. ಅರ್ಲೆನ್ ಚೇಸ್ ಮತ್ತು ಡಯಾನ್ ಚೇಸ್ ದಂಪತಿಗಳು ಅಲ್ಲಿ ಎರಡು ದಶಕಗಳಿಗೂ ಮಿಕ್ಕಿ ಕಾಡು ಸವರಿ, ನೆಲದ ಮೇಲೆ ನಡೆದು ಸುಮಾರು 23 ಚದರ ಕಿಲೋಮೀಟರಿನ ನಕಾಶೆ ಮಾಡಿದ್ದರು. 2009ರಲ್ಲಿ ಲೈಡಾರ್ ಕೆಲವೇ ದಿನಗಳ ಹಾರಾಟದಲ್ಲಿ ಸುಮಾರು 200 ಚದರ ಕಿಲೋಮೀಟರನ್ನು ಅಳೆದು ಕೊಟ್ಟಿತು. ಇಲ್ಲಿ ನಗರ ಸಿಕ್ಕಿದ್ದಲ್ಲ, ಅದರ ಹರವು ತಿಳಿದದ್ದು. ಕಾಂಬೋಡಿಯಾದ ಮಹೇಂದ್ರಪರ್ವತ ಎಂಬ ಹಳೆಯ ನಗರವೂ ಹಾಗೆಯೇ: ಹೆಸರು ಶಾಸನಗಳಲ್ಲಿತ್ತು, ಕೆಲವು ಗುಡಿಗಳು ತಿಳಿದಿದ್ದವು, 2012ರ ಲೈಡಾರ್ ಮೋಜಣಿ ಅವುಗಳ ನಡುವಿನ ಬೀದಿಗಳನ್ನೂ ಏರಿಗಳನ್ನೂ ಜೋಡಿಸಿ ತೋರಿಸಿತು. ಆದ್ದರಿಂದ ವಿಮಾನದಿಂದ ಅಳೆದು ಕುರುಹು ಕಂಡಾಗ ‘ಗುರುತಿಸಿದರು’, ಕಾಲ್ನಡಿಗೆಯಲ್ಲಿ ಹೋಗಿ ನೋಡಿದಾಗ ‘ಖಚಿತಪಡಿಸಿದರು’, ಅಗೆದಾಗ ಮಾತ್ರ ‘ಉತ್ಖನನ ಮಾಡಿದರು’ ಎಂದು ಬೇರೆಬೇರೆಯಾಗಿ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಸನ್ನತಿಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲು ತೆರೆದುಕೊಂಡಾಗ. ಅಲ್ಲಿಗೆ ‘ಬೆಳಕಿಗೆ ಬಂತು’ ಎಂಬುದೇ ಸರಿಯಾದ ಮಾತು; ಪೂಜೆ ಸಲ್ಲುತ್ತಿದ್ದ ಗುಡಿಯೊಳಗಿನ ಕಲ್ಲನ್ನು ಯಾರೂ ಕಳೆದುಕೊಂಡಿರಲಿಲ್ಲ.

‘ನೆಲದೊಳಗೆ ಇಣುಕುವ ಲೇಸರ್’ ಎಂಬ ಮಾತನ್ನಂತೂ ಬಿಡಲೇಬೇಕು, ಏಕೆಂದರೆ ಅದು ವಾಸ್ತವಕ್ಕೇ ವಿರುದ್ಧ. ವಿಮಾನದಿಂದ ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತಗಳಾಗಿ ಹೊರಡುವ ಬೆಳಕಿನಲ್ಲಿ ಬಹುಪಾಲು ಎಲೆಗೆ, ಕೊಂಬೆಗೆ ತಾಗಿ ಹಿಂದಿರುಗುತ್ತದೆ. ಎಲೆಗಳ ಸಂದಿಯಿಂದ ಇಳಿದ ಸ್ವಲ್ಪ ಭಾಗ ನೆಲ ಮುಟ್ಟಿ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕಿ, ಗಿಡಮರಗಳ ಬಿಂದುಗಳನ್ನು ಗಣಕದಲ್ಲಿ ಬೇರ್ಪಡಿಸಿದರೆ ಉಳಿಯುವುದು ನೆಲದ ಮೇಲ್ಮೈ ಮಾತ್ರ. ಮಣ್ಣಿನೊಳಕ್ಕೆ ಈ ಬೆಳಕು ಹೋಗಲಾರದು. ಬೀದರಿನ ನೌಬಾದಿನ ಸುರಂಗ ಬಾವಿಯನ್ನು ಕಂಡವರಿಗೆ ಇದನ್ನು ಹೀಗೆ ಹೇಳಬಹುದು: ನೆಲದ ಮೇಲೆ ಸಾಲಾಗಿ ತೆರೆದಿರುವ ಅದರ ಬಾಯಿಗಳನ್ನು ಲೈಡಾರ್ ಅಳೆಯಬಲ್ಲದು, ಕೆಳಗಿನ ಸುರಂಗವನ್ನು ಅದು ಕಾಣಲಾರದು. ನಮ್ಮ ಎರೆಭೂಮಿಯಲ್ಲಿ, ಚಿಂಚೋಳಿಯಂಥ ಕಡೆ ಬಿಟ್ಟರೆ, ಬೇರ್ಪಡಿಸಬೇಕಾದ ಕಾಡೇ ಕಡಿಮೆ. ಇಲ್ಲಿ ಅದರ ಉಪಯೋಗ ಉಳುಮೆಯಿಂದ ಸವೆದು ಕಣ್ಣಿಗೆ ಎದ್ದುಕಾಣದಂತಾದ ದಿಬ್ಬಗಳ, ಏರಿಗಳ, ಕಂದಕಗಳ ಸಣ್ಣ ಎತ್ತರವನ್ನು ತೋರಿಸುವುದರಲ್ಲಿದೆ.

ಮರಗಳ ಬಿಂದುಗಳನ್ನು ತೆಗೆದ ಮೇಲೆ ಉಳಿಯುವ ಚಿತ್ರಕ್ಕೆ ‘ಬರಿನೆಲದ ನಕಾಶೆ’ ಎಂದು ಬರೆಯುತ್ತಿದ್ದೇನೆ. ಕೋಟಿಗಟ್ಟಲೆ ಬಿಂದುಗಳ ಮೊತ್ತಕ್ಕೆ ಕೆಲವರು ‘ಬಿಂದುಮೋಡ’ ಎನ್ನುತ್ತಾರೆ. ತೊಗರಿ ರಾಶಿ ಮಾಡುವ ನಾಡಿನ ಹುಡುಗರಿಗೆ ‘ಬಿಂದುರಾಶಿ’ ಹೆಚ್ಚು ಹತ್ತಿರ; ಕಸ ತೂರಿ ಕಾಳು ಉಳಿಸಿಕೊಳ್ಳುವ ಕ್ರಮವೂ ಅದರಿಂದ ನೆನಪಾಗುತ್ತದೆ. ಗ್ವಾಟೆಮಾಲಾದ 2016ರ ಮೋಜಣಿ 2,100 ಚದರ ಕಿಲೋಮೀಟರಿಗೂ ಮಿಕ್ಕಿದ ಹರವಿನಲ್ಲಿ 61,000ಕ್ಕೂ ಹೆಚ್ಚು ಕುರುಹುಗಳನ್ನು ತೋರಿಸಿದಾಗ ಅವೆಲ್ಲವನ್ನೂ ‘ಕಟ್ಟಡಗಳು’ ಎಂದು ಬರೆದದ್ದುಂಟು. ಮನೆಯ ಅಡಿಗಟ್ಟೆಯಿಂದ ಗುಡಿಯವರೆಗೆ ಬಗೆಬಗೆಯವು ಅದರಲ್ಲಿ ಸೇರಿರುವುದರಿಂದ ‘ಕಟ್ಟೋಣದ ಕುರುಹುಗಳು’ ಎಂಬುದೇ ನನಗೆ ಸರಿ ತೋರುತ್ತದೆ.

ನೆಲಕ್ಕೋ ಎಲೆಗೋ ತಾಗಿ ಹಿಂದಿರುಗಿದ ಬೆಳಕಿಗೆ ಮಾತ್ರ ಒಪ್ಪುವ ಪದ ಇನ್ನೂ ದೊರೆತಿಲ್ಲ. ‘ಪ್ರತಿಫಲನ’ ಎಂಬುದು ಕ್ರಿಯೆಯ ಹೆಸರು, ಎಣಿಸಲು ಬರುವುದಿಲ್ಲ. ‘ಮರಳುಕಿರಣ’ ಎಂದರೆ ಉಸುಕಿನ ಅರ್ಥ ಬಂದು ಗೊಂದಲವಾಗುತ್ತದೆ. ‘ಮಾರ್ದನಿ’ ಸದ್ದಿಗೆ ಸೇರಿದ್ದು. ‘ಮರುಕಿರಣ’ ಎಂದು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದೇನೆ: ಮೊದಲ ಮರುಕಿರಣ ಮರದ ನೆತ್ತಿಯಿಂದ ಬಂದದ್ದು, ಕೊನೆಯ ಮರುಕಿರಣ ಬಹುಮಟ್ಟಿಗೆ ನೆಲದಿಂದ ಬಂದದ್ದು. ಭೌತವಿಜ್ಞಾನವನ್ನು ಕನ್ನಡದಲ್ಲಿ ಪಾಠ ಮಾಡಿದ ಹಿರಿಯರು ಇದಕ್ಕಿಂತ ಉತ್ತಮವಾದ, ಎಣಿಸಲು ಬರುವ ಮಾತನ್ನು ಬಳಸಿದ್ದರೆ ದಯವಿಟ್ಟು ತಿಳಿಸಬೇಕು. ಬೇಚರಾಕ್ ಎಂಬುದನ್ನು ಬೀದರ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಜನ ಮಾತಿನಲ್ಲಿ ಹೇಗೆ ಉಚ್ಚರಿಸುತ್ತಾರೆ, ಅದಕ್ಕೆ ಬೇರೆ ಹೆಸರೇನಾದರೂ ಇದೆಯೇ ಎಂಬುದನ್ನೂ ಆ ಭಾಗದ ಸದಸ್ಯರು ಬರೆದರೆ ಉಪಕಾರವಾಗುತ್ತದೆ.